ತಂಪಿನಲ್ಲಿ ಕೆಟ್ಟ ತಳಿ

ಶಹಾಪುರದ ಹೊರಗಿನ ಎಥೆನಾಲ್ ಕಾರ್ಖಾನೆಯ ಲ್ಯಾಬಿಗೆ ನಾನು ಮೈಕ್ರೋಬಯಾಲಜಿಸ್ಟ್ ಆಗಿ ಸೇರಿದ ಮೇಲಿನ ಎರಡನೆಯ ಬೇಸಿಗೆ. ಕಾಲುವೆ ಬಂದ್ ಆಗಿತ್ತು. ತಂಪು ಮಾಡುವ ನೀರಿಲ್ಲದೆ ಟ್ಯಾಂಕುಗಳು ಕಾದು, ಕಾಕಂಬಿಯನ್ನು ಆಲ್ಕೋಹಾಲ್ ಮಾಡಬೇಕಾದ ಯೀಸ್ಟ್ ಸಾಯುತ್ತಿತ್ತು.

ನಾನು ಡೈರೆಕ್ಟೆಡ್ ಎವಲ್ಯೂಷನ್ ಹಿಡಿದೆ. ಹೆಸರು ದೊಡ್ಡದು, ಕೆಲಸ ಸರಳ: ಯೀಸ್ಟನ್ನು ಬಿಸಿಯಲ್ಲಿ ಬೆಳೆಸುವುದು, ಬದುಕಿದ್ದನ್ನು ಆರಿಸುವುದು, ಮುಂದಿನ ಸುತ್ತಿಗೆ ಬಿಸಿ ಏರಿಸುವುದು.

“ಏನವಾ ತಂಗಿ, ಯೀಸ್ಟಿಗೆ ಕುಸ್ತಿ ಕಲಿಸಾಕತ್ತೀ ಏನು?” ಎಂದು ಲ್ಯಾಬ್ ಮುಖ್ಯಸ್ಥ ದೇಸಾಯಿ ನಗುತ್ತಿದ್ದರು.

ಮಳೆಗಾಲ ಕಳೆಯುವಷ್ಟರಲ್ಲಿ ತಳಿ ನಲವತ್ತು ಡಿಗ್ರಿಯಲ್ಲೂ ದುಡಿಯಿತು. ಅಲ್ಲಿಗೆ ನಗು ನಿಂತಿತು, ಕಳ್ಳತನ ಶುರುವಾಯಿತು. ವರದಿಯಲ್ಲಿ ಅದರ ಹೆಸರು ‘ದೇಸಾಯಿ-೧’. ನನ್ನ ಹೆಸರು ಎಲ್ಲೂ ಇಲ್ಲ. ನನ್ನನ್ನು ಲಾರಿ ತೂಗುವ ಕಾಟಾಕ್ಕೆ ಹಾಕಿದರು.

ಅತ್ತ ದೇಸಾಯಿ ತಳಿಯನ್ನು ಎಸಿ ಕೋಣೆಯಲ್ಲಿ ಸಕ್ಕರೆ ನೀರು ಕುಡಿಸಿ ಸಾಕಿದರು. ಅದು ಮಿಶ್ರ ಗುಂಪು. ತಂಪಿನಲ್ಲಿ ನಾಜೂಕು ಕೋಶಗಳು ಬೇಗ ಬೆಳೆದು, ಬಿಸಿ ತಾಳುವಂಥವನ್ನು ಮೂಲೆಗೆ ತಳ್ಳುತ್ತವೆ. ಹೋಗಿ ಎಚ್ಚರಿಸಿದೆ.

“ಕಾಟಾ ನೋಡ್ಕೋ ಹೋಗವಾ,” ಎಂದರು.

ಮುಂದಿನ ಬೇಸಿಗೆ ಕಾಲುವೆಯೂ ಬಂದ್ ಆಯಿತು, ಬಿಸಿಗೆ ಯೀಸ್ಟ್ ಸತ್ತು ಟ್ಯಾಂಕೂ ಬಂದ್ ಆಯಿತು. ಮ್ಯಾನೇಜರ್ ಖಾದರ್ ಸಾಹೇಬರು ವಿಚಾರಣೆಗೆ ಕರೆದರು.

“ಈಕಿ ಕೆಟ್ಟ ತಳಿ ಮಾಡಿಟ್ಟಾಳ್ರಿ. ಮೊದ್ಲ ಈಕಿನ್ನ ಕೆಲಸದಿಂದ ತೆಗೀರಿ,” ಎಂದರು ದೇಸಾಯಿ.

ಎದುರಾಳಿಗೆ ಎರಡು ಬಾಗಿಲು ತೆರೆದಿಟ್ಟು ಎರಡರಾಚೆಗೂ ಗುಂಡಿ ತೋಡುವುದನ್ನು ನಾನು ಸುರಪುರದ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ.

“ತಳಿ ಯಾರದ್ರಿ ಸರ್? ನಿಮ್ಮದಾದ್ರ ನನ್ನ ಯಾಕ ತೆಗೀಬೇಕು? ನನ್ನದಾದ್ರ ವರದಿಯೊಳಗ ನಿಮ್ಮ ಹೆಸರು ಯಾಕದ?”

ದೇಸಾಯಿ ನೀರು ಕುಡಿದರು. ಗ್ಲಾಸು ಖಾಲಿಯಾದ ಮೇಲೆ ಜಗ್ಗಿಗೆ ಕೈ ಹಾಕಿದರು.

“ಜವಾಬ್ ಕೊಡ್ರಿ ದೇಸಾಯಿ! ನೀರು ಆಮ್ಯಾಲೆ ಕುಡೀರಂತ,” ಎಂದರು ಸಾಹೇಬರು.

ಕಾಟಾಕ್ಕೆ ಹೋಗುವ ಮುನ್ನ ಡೀಪ್ ಫ್ರೀಜರಿನಲ್ಲಿ ನಾನಿಟ್ಟಿದ್ದ ಮೂಲ ತಳಿಯ ಸೀಸೆ ತರಿಸಿದೆ. ಹೆಪ್ಪುಗಟ್ಟಿದ ಕೋಶ ಬೆಳೆಯುವುದಿಲ್ಲ, ಹಾಗಾಗಿ ಬದಲಾಗುವುದೂ ಇಲ್ಲ. ಅದನ್ನೂ ದೇಸಾಯಿ ಸಾಕಿದ್ದನ್ನೂ ನಲವತ್ತು ಡಿಗ್ರಿಯಲ್ಲಿ ಅಕ್ಕಪಕ್ಕ ಇಟ್ಟೆವು. ಮರುದಿನ ನನ್ನ ಫ್ಲಾಸ್ಕಿನಲ್ಲಿ ನೊರೆ ಉಕ್ಕುತ್ತಿತ್ತು. ಅವರದು ತಳದಲ್ಲಿ ಕೆಸರಾಗಿ ಕೂತಿತ್ತು.

ನನಗೆ ಲ್ಯಾಬು ಮರಳಿ ಸಿಕ್ಕಿತು, ವರದಿಯಲ್ಲಿ ಹೆಸರೂ. ದೇಸಾಯಿಯವರನ್ನು ಕಾಟಾಕ್ಕೇ ಹಾಕಿರೆಂದು ಕೇಳಿದವಳು ನಾನೇ. ಸಾಹೇಬರು ಹಾಕಿದರು.

ಯಾವ ಒತ್ತಡದಲ್ಲಿ ಒಂದು ಗುಣ ಹುಟ್ಟಿತೋ ಆ ಒತ್ತಡ ತೆಗೆದರೆ ಗುಣವೂ ಸೋರಿಹೋಗುತ್ತದೆ ಎಂಬುದನ್ನು ಈ ಕೆಲಸ ಕಲಿಸಿತು. ಕ್ಷಮಿಸಿದರೆ ಮನಸ್ಸು ತಂಪಾಗುತ್ತದೆ ಎಂದು ಉಪದೇಶಿಸುವವರಿಗೂ ನನ್ನ ಉತ್ತರ ಅದೇ. ಪ್ರತಿ ಬೇಸಿಗೆ ಕಾಲುವೆ ಬಂದ್ ಆದ ದಿನ ಕಾಟಾದ ತನಕ ನಡೆದು ಹೋಗಿ ಕೇಳುತ್ತೇನೆ:

“ಬಿಸಿಲು ಹೆಂಗದ್ರಿ, ಸರ್?”