ಇನ್ನೊಂದು ಸುತ್ತು

ಗ್ರೇಸಿ, ಆ ದಿನ ದೋಣಿಯಲ್ಲಿ ನಿನ್ನ ಫೋನ್ ರಿಂಗ್ ಆದದ್ದು ನನಗೆ ಕೇಳಿಸಿತ್ತು. ಇಂಜಿನ್ ಸದ್ದಿಗೆ ಕೇಳಿಸಲಿಲ್ಲ ಎಂದು ನಿನ್ನೆದುರು ಹೇಳಿದ್ದು, ಫ್ಲಾಟಿನ ಉಳಿದ ಹುಡುಗಿಯರ ಎದುರು ಹೇಳಿದ್ದು, ಆರು ವರ್ಷದಿಂದ ಹೇಳುತ್ತಲೇ ಬಂದದ್ದು — ಎಲ್ಲ ಸುಳ್ಳು.

ನಿನಗೆ ಮರೆತಿರಲಿಕ್ಕಿಲ್ಲ, ಆದರೂ ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನಾನು ನಡುವೆ ಎಲ್ಲಿಯಾದರೂ ನುಣುಚಿಕೊಂಡೇನು. ದುಬೈಯ ದೇರಾದ ಆ ಫ್ಲಾಟಿನಲ್ಲಿ ನಾವು ಆರು ಜನ. ನನ್ನ ಮಂಚ ಕೆಳಗೆ, ನಿನ್ನದು ಮೇಲೆ. ನೀನು ಆಸ್ಪತ್ರೆಯಲ್ಲಿ ನರ್ಸ್, ನಾನು ಆಫೀಸಿನಲ್ಲಿ ಟೈಪಿಸ್ಟ್. ನನಗೆ ರಜೆಯಿದ್ದ ದಿನ ನಿನಗೆ ಡ್ಯೂಟಿ. ಎರಡು ವರ್ಷದಲ್ಲಿ ನಮ್ಮಿಬ್ಬರ ರಜೆ ಒಟ್ಟಿಗೆ ಸಿಕ್ಕಿದ್ದು ಆ ಒಂದು ಶುಕ್ರವಾರ. ಅದರ ಮೇಲೆ ಮಳೆ! ದುಬೈಯಲ್ಲಿ ಮಳೆ ಎಂದರೆ ಗೊತ್ತಲ್ಲ — ಊರಿನಲ್ಲಿ ನಾಲ್ಕು ತಿಂಗಳು ಮಳೆಗೆ ಶಾಪ ಹಾಕಿದವರೂ ಇಲ್ಲಿ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಾರೆ. "ಇವತ್ತು ಎಲ್ಲಿಗೂ ಗಡಿಬಿಡಿ ಮಾಡ್ಲಿಕ್ಕಿಲ್ಲ ಮಾರಾಯ್ತಿ, ಸುಮ್ನೆ ದೋಣಿಯಲ್ಲಿ ಕೂತ್ಕೊಳ್ವ" ಅಂದವಳು ನೀನೇ.

ಕ್ರೀಕ್ ದಾಟಿಸುವ ಮರದ ದೋಣಿ, ಆ ಅಬ್ರಾ, ಇಡೀ ನಮ್ಮಿಬ್ಬರಿಗೇ ಗೊತ್ತು ಮಾಡಿಕೊಂಡೆವು. ಬಂಗಾಲಿ ದೋಣಿಯವ "ಬಾರಿಶ್ ಮೇ?" ಎಂದು ನಕ್ಕ, "ಯಲ್ಲಾ" ಎಂದು ಹಗ್ಗ ಬಿಚ್ಚಿದ. ಆಮೆಯ ಹಾಗೆ ಹೋಯಿತು ದೋಣಿ. ಮಾಡಿನಿಂದ ಸೋರುವ ನೀರು, ಫ್ಲಾಸ್ಕಿನ ಚಾ, ತಣ್ಣಗಾದ ಗೋಳಿಬಜೆ... ಫೋನ್ ಒದ್ದೆಯಾದೀತೆಂದು ನೀನು ಅದನ್ನು ನನ್ನ ಬ್ಯಾಗಿಗೆ ಹಾಕಿದೆ. ಮತ್ತೆ ದೋಣಿಯ ತುದಿಗೆ ಹೋಗಿ, ಮಳೆಗೆ ಕೈ ಚಾಚಿ, ಗಂಟಲು ಬಿಟ್ಟು ಹಾಡಿದೆ. ನೀನು ಹಾಡುತ್ತೀ ಎಂದೇ ನನಗೆ ಅಷ್ಟು ದಿನ ಗೊತ್ತಿರಲಿಲ್ಲ.

ಆಗಲೇ ಫೋನ್ ಬಂದದ್ದು. ತೆಗೆದು ನೋಡಿದೆ. ಊರಿನಿಂದ ನಿನ್ನ ಅಣ್ಣ ವಿನ್ಸೆಂಟ್. ನಿಂತಿತು, ಮತ್ತೆ ಬಂತು, ಮತ್ತೆ. ಆಮೇಲೆ ಮೆಸೇಜು — ನಿನ್ನ ಅಮ್ಮನ ಬಗ್ಗೆ. "ಮಾಯ್ ಸೀರಿಯಸ್. ಕೂಡಲೇ ಫೋನ್ ಮಾಡು."

ಗಲ್ಫಿನಲ್ಲಿರುವ ನಮಗೆ ಆ ಶಬ್ದದ ಅರ್ಥ ಬಿಡಿಸಿ ಹೇಳಬೇಕೆ? ಊರಿನವರು ಸತ್ತ ಸುದ್ದಿಯನ್ನು ಎಂದಾದರೂ ನೇರ ಹೇಳಿದ್ದುಂಟೆ? ಪರದೇಶದಲ್ಲಿ ಒಬ್ಬಳೇ ಇದ್ದಾಳೆ, ಎದೆಯೊಡೆದುಕೊಂಡಾಳು ಎಂದು 'ಸೀರಿಯಸ್' ಅಂದು ವಿಮಾನ ಹತ್ತಿಸುತ್ತಾರೆ. ನನ್ನ ಅಪ್ಪ ಹೋದಾಗಲೂ ಹಾಗೇ ಮಾಡಿದ್ದರು. ಮುಗಿದಿದೆ, ಎಂದುಕೊಂಡೆ. ಅಳುವುದು ಹೇಗೂ ಇದ್ದೇ ಇದೆ, ಇನ್ನೊಂದು ಗಂಟೆ ಹಾಡಲಿ... ಫೋನಿನ ಸದ್ದು ಅಡಗಿಸಿದೆ.

ಇದು ಕನಿಕರ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಲ್ಲ, ಗ್ರೇಸಿ. ಆ ದಿನ ನನಗೆ ಬೇಕಿತ್ತು. ಎರಡು ವರ್ಷ ಕಾದ ದಿನ, ನನ್ನದು — ಅದನ್ನು ಯಾರಿಗೂ, ನಿನ್ನ ತಾಯಿಗೂ, ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ದೋಣಿ ದಡಕ್ಕೆ ಬಂದಾಗ ನೀನು ಕೇಳಿದೆ, "ಫೋನ್ ಎಂತಾದ್ರೂ ಬಂತಾ?"

"ಇಲ್ಲ ಮಾರಾಯ್ತಿ," ಅಂದೆ. "ಇನ್ನೊಂದು ಸುತ್ತು ಹೋಗುವಾ."

ನಿನ್ನ ಮಾಯ್ ಸತ್ತಿರಲಿಲ್ಲ. ನಾನು ಆ ಮಾತು ಆಡುವಾಗ ಅವರಿಗೆ ಪ್ರಜ್ಞೆಯಿತ್ತು, ನಿನ್ನನ್ನು ಹೆಸರು ಹಿಡಿದು ಕೇಳುತ್ತಿದ್ದರು. ವಿನ್ಸೆಂಟಣ್ಣ ಫೋನನ್ನು ಅವರ ಕಿವಿಗೆ ಹಿಡಿದು, ಬರೀ ರಿಂಗ್ ಕೇಳಿಸುತ್ತಾ ಕೂತಿದ್ದರಂತೆ. ಎರಡನೆಯ ಸುತ್ತಿನಲ್ಲಿ ನಾವಿದ್ದಾಗ ಹೋದರು.

ಇಳಿಯುವ ಮೊದಲು ಸದ್ದನ್ನು ಪುನಃ ಏರಿಸಿಟ್ಟೆ — ಅಷ್ಟು ಬುದ್ಧಿ ನನಗಿತ್ತು. ಹದಿನಾಲ್ಕು ಮಿಸ್ಡ್ ಕಾಲ್ ನೋಡಿ, ಊರಿಗೆ ಫೋನ್ ಮಾಡಿ, ನೀನು ಅಲ್ಲೇ ಒದ್ದೆ ಮೆಟ್ಟಿಲ ಮೇಲೆ ಕುಸಿದೆ. ನಾನು ಅತ್ತೆ. ನೀನು — ನೀನು ನನ್ನನ್ನು ಸಮಾಧಾನ ಮಾಡಿದೆ! "ಆ ಇಂಜಿನ್ ಸದ್ದಿಗೆ ನಿಂಗೆ ಹೇಗೆ ಕೇಳ್ತದೆ ಜಯಾ? ತಪ್ಪು ನಂದು. ನಾನೇ ಕೈಯಲ್ಲಿ ಇಟ್ಕೊಳ್ಬೇಕಿತ್ತು."

ಅಂದಿನಿಂದ ವಿನ್ಸೆಂಟಣ್ಣ ನಿನ್ನೊಡನೆ ಮಾತು ಬಿಟ್ಟರು. "ಅಮ್ಮ ಸಾಯುವಾಗ ಇವಳಿಗೆ ದೋಣಿ ಆಟ" ಅಂದರಂತೆ. ನೀನು ಒಂದು ಮಾತು ಎದುರಾಡಲಿಲ್ಲ. ಈಗಲೂ ಫೋನ್ ಹಿಡಿದುಕೊಂಡೇ ಸ್ನಾನಕ್ಕೆ ಹೋಗುತ್ತೀ. ಪ್ರತಿ ವರ್ಷ ಮಾಯ್ ಹೆಸರಿನ ಪೂಜೆಯ ದಿನ ನಾನೂ ನಿನ್ನ ಜೊತೆ ಇಗರ್ಜಿಗೆ ಬರುತ್ತೇನೆ. ಕಳೆದ ವಾರ ನೀನು ಪಾಪನಿವೇದನೆ ಮುಗಿಸಿ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. "ಎಂತ ಹೇಳಿದೆ ಅಷ್ಟೊತ್ತು?" ಎಂದು ಸುಮ್ಮನೆ ಕೇಳಿದೆ.

"ಅದೇ, ದೋಣಿಯದ್ದು. ಅದು ಪಾಪ ಅಲ್ಲ ಅಂತಾರೆ ಫಾದರ್. ನಂಗೆ ಹೇಳದೆ ಆಗುದಿಲ್ಲ."

ಆರು ವರ್ಷ ನೀನು ಮೊಣಕಾಲೂರಿ ಹೇಳಿಕೊಂಡದ್ದು ನನ್ನ ಪಾಪ. ಪ್ರತಿ ಸಲ ನಾನು ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆ.

ಕ್ಷಮಿಸು ಎಂದು ಬರೆಯಲಿಕ್ಕೆ ಕೈ ಏಳುವುದಿಲ್ಲ. ಹಿಂಜರಿಯಬಾರದೆಂದು ಇಲ್ಲಿಯ ತನಕ ಬರೆದದ್ದನ್ನು ಮೊದಲು ವಿನ್ಸೆಂಟಣ್ಣನಿಗೆ ಕಳುಹಿಸಿದೆ. ನಿನ್ನೆ ಅವರು ಓದಿಯಾಗಿದೆ. ಇನ್ನು ಮಾತು ಬಿಡುವುದಿದ್ದರೆ ನನ್ನೊಡನೆ ಬಿಡಿ — ಇಬ್ಬರೂ.