ಕೊನೆಯ ಗುಟುಕಿನ ಗೌರವ

ಅವರ ಎಡಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ. ಗ್ಯಾಸು ತುಂಬುವಾಗ ಬಾಟಲಿಯೊಂದು ಸಿಡಿದು ಎರಡನ್ನೂ ಒಟ್ಟಿಗೆ ಕೊಂಡೊಯ್ದಿತ್ತು. ಉಳಿದ ಮೂರು ಬೆರಳಲ್ಲಿ ಗೋಲಿ ಸೋಡಾದ ಕತ್ತು ಹಿಡಿದು, ಬಲಗೈ ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ಕೀಚ್ ಎಂದು ನೊರೆ ಉಕ್ಕುತ್ತಿತ್ತು, ಆದರೆ ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ. ಬಲಗೆನ್ನೆಯ ಮೇಲೆ ಗಾಜು ಹೊಕ್ಕ ಗುರುತಿತ್ತು. ನಕ್ಕರೂ ಆ ಕೆನ್ನೆ ನಗುತ್ತಿರಲಿಲ್ಲ. ಹಾಗಾಗಿ ಖುಷಿಯಾಗಿದ್ದಾಗಲೂ ಅವರು ಏನನ್ನೋ ಕಂಡು ಹೇಸಿದವರಂತೆ ಕಾಣುತ್ತಿದ್ದರು. ನಿಜ ಹೇಳಬೇಕೆಂದರೆ, ಹೆಚ್ಚಿನ ಹೊತ್ತು ಅವರು ಹೇಸಿಕೊಂಡೇ ಇರುತ್ತಿದ್ದರು.

ಚನ್ನಪಟ್ಟಣದಲ್ಲಿ ನಾವು ಫುಟ್‌ಬಾಲ್ ಆಡುತ್ತಿದ್ದ ಮೈದಾನದ ಗೋಡೆಗೆ ಒತ್ತಿಕೊಂಡು ಅವರ ಅಂಗಡಿ. ಊರಿಗೆಲ್ಲ ಅವರು ಸೋಡಾ ಅಣ್ಣ. ಮಾಗಡಿ ಕಡೆಯ ಕಲ್ಯದವರು. ಅಪ್ಪ ಕುರಿ ಸಾಕಿದವರು, ಇವರೂ ಮೀಸೆ ಮೂಡುವವರೆಗೆ ಕುರಿ ಕಾದವರೇ. ಕುರಿ ಬಿಟ್ಟು ಸೋಡಾ ಮೆಷಿನ್ನಿಗೆ ಯಾಕೆ ಬಂದಿರಿ ಎಂದು ಕೇಳಿದರೆ, ಕುರಿ ಕಾದರೂ ಗಿರಾಕಿ ಕಾದರೂ ಒಂದೇ, ಕುರಿ ಒಸಿ ಮರ್ಯಾದಸ್ತ ಪ್ರಾಣಿ ಅಷ್ಟೇ ಎನ್ನುತ್ತಿದ್ದರು.

ಬಾಟಲಿ ತೊಳೆಯುವುದರಲ್ಲಿ ಅವರಿಗೊಂದು ಹುಚ್ಚಿತ್ತು. ಬ್ರಷ್ಷು ಹಾಕಿ ಮೂರು ಸಲ ತೊಳೆದು, ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಬಾಯಿಯ ಹತ್ತಿರ ಎಳೆಯಷ್ಟು ಜಿಡ್ಡು ಕಂಡರೂ ‘ವಾಕರಿಕೆ ಬತ್ತದೆ ಕಣ್ಲಾ’ ಎಂದು ಮತ್ತೆ ನೀರಿಗೆ ಹಾಕುವರು. ಜಿಡ್ಡು ಯಾರ ಬಾಯಿಯದು ಎಂಬ ವಿಚಾರಣೆ ಮಾತ್ರ ಇರಲಿಲ್ಲ. ಆ ಕಾಲಕ್ಕೆ ನಮ್ಮ ಸುತ್ತಮುತ್ತ ಎಷ್ಟೋ ಚಾ ಅಂಗಡಿಗಳಲ್ಲಿ ಕೇರಿಯವರಿಗೆಂದು ಹೊರಗೆ ಬೇರೆ ಲೋಟ ಬೋರಲು ಹಾಕಿರುತ್ತಿದ್ದರು. ಸೋಡಾ ಅಣ್ಣನಲ್ಲಿ ಬೇರೆ ಬಾಟಲಿ ಎಂಬುದೇ ಇರಲಿಲ್ಲ. ದಿನಾ ಅದೇ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಫುಟ್‌ಬಾಲ್ ಅವರಿಗೆ ಅರ್ಥವಾಗುತ್ತಿರಲಿಲ್ಲ. ಆಫ್‌ಸೈಡ್ ಎಂಬುದು ರೆಫ್ರಿಗೆ ಹೊಟ್ಟೆಪಾಡಿಗಾಗಿ ಮಾಡಿಕೊಟ್ಟ ಏರ್ಪಾಡು ಎಂದೇ ಕೊನೆಯವರೆಗೂ ನಂಬಿದ್ದರು. ಆದರೂ ಮ್ಯಾಚಿನ ದಿನ ಅಂಗಡಿಗೆ ಗೋಣಿತಾಟು ಇಳಿಬಿಟ್ಟು ಗೋಡೆ ಹತ್ತಿ ಕೂರುವರು. ನೋಡುತ್ತಿದ್ದುದು ಒಬ್ಬನನ್ನೇ, ನಮ್ಮ ಸೆಂಟರ್ ಫಾರ್ವರ್ಡನ್ನು. ಅವನು ಕೇರಿಯ ಹುಡುಗ. ಬೊಂಬೆ ಕಾರ್ಖಾನೆಯೊಂದರಲ್ಲಿ ಮರ ಕಡೆಯುತ್ತಿದ್ದ, ಅಲ್ಲೇ ಅವನ ತಾಯಿ ಅರಗು ಹಿಡಿಸಿದ ಬೊಂಬೆಗಳಿಗೆ ತಾಳೆಗರಿ ಉಜ್ಜಿ ಹೊಳಪು ಕೊಡುತ್ತಿದ್ದಳು. ಚೆಂಡು ಅವನ ಕಾಲಿಗೆ ಬಂದರೆ ಮೈದಾನದ ಗದ್ದಲವೆಲ್ಲ ಒಮ್ಮೆ ನಿಲ್ಲುತ್ತಿತ್ತು. ಅಂಥ ಆಟ ನಾನು ಮತ್ತೆ ನೋಡಿಲ್ಲ.

ನಾನು ಆ ತಂಡದ ಜಂಟಿ ಕಾರ್ಯದರ್ಶಿ. ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ಅರ್ಜಿ, ನೋಟೀಸು, ಸ್ಕೋರ್ ಬುಕ್ಕು, ಬರೆಯುವ ಕೆಲಸವೆಲ್ಲ ನನ್ನದು. ಕ್ಯಾಪ್ಟನ್ ಅಕ್ಕಿ ಗಿರಣಿಯವರ ಮಗ. ಜರ್ಸಿ, ಚೆಂಡು, ಬಸ್ ಚಾರ್ಜು ಎಲ್ಲ ಅವನ ಮನೆಯದು, ಆದ್ದರಿಂದ ಮಾತೂ ಅವನದೇ.

ನಮ್ಮಲ್ಲೊಂದು ಪದ್ಧತಿಯಿತ್ತು. ಕಪ್ ಗೆದ್ದರೆ ಮೈದಾನದ ನಡುವೆಯೇ ಅದಕ್ಕೆ ಸೋಡಾ ಅಣ್ಣನಿಂದ ಕೆಂಪು ಕಲರ್ ಸೋಡಾ ತುಂಬಿಸಿ, ಹನ್ನೊಂದು ಜನವೂ ಬಾಯಿಂದ ಬಾಯಿಗೆ ಒಂದೊಂದು ಗುಟುಕು ಕುಡಿಯಬೇಕು. ಮೊದಲ ವರ್ಷ ಗೆದ್ದಾಗ ಕಪ್ ಕ್ಯಾಪ್ಟನ್‌ನಿಂದ ಶುರುವಾಗಿ ನಾಲ್ಕನೆಯವನ ಹತ್ತಿರ ಬಂತು. ಐದನೆಯವನಾಗಿ ನಿಂತಿದ್ದವನು ಫಾರ್ವರ್ಡ್. ಒಂದು ಗಳಿಗೆ ಕಪ್ ಅಲ್ಲೇ ನಿಂತಿತು. ಕೂಡಲೇ ಕ್ಯಾಪ್ಟನ್ ನಗುತ್ತಾ, ಗೋಲ್ ಹೊಡೆದವನು ಮದುವೆ ಗಂಡಿನ ಹಾಗೆ, ಅವನು ಕೊನೆಗೆ ಕುಡಿಯಲಿ, ಅದೇ ಅವನಿಗೆ ಮರ್ಯಾದೆ ಎಂದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟಿದ್ದು ಸಾಲದು ಎಂಬಂತೆ ಮಾರನೇ ದಿನ ತಂಡದ ನಿಯಮಗಳ ಹಲಗೆಯ ಮೇಲೆ ಹೀಗೆ ಬರೆದೆ: ‘ಅತಿ ಹೆಚ್ಚು ಗೋಲು ಗಳಿಸಿದ ಆಟಗಾರನಿಗೆ ಕೊನೆಯ ಗುಟುಕಿನ ಗೌರವ.’ ವಾಕ್ಯ ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿಕೊಂಡೆ. ಹಾಗೆ ಬರೆದದ್ದು ಯಾಕೆಂದು ನಿನಗೆ ಗೊತ್ತಿರಲಿಲ್ಲವೇ ಎಂದು ಈಗ ಯಾರಾದರೂ ಕೇಳಿದರೆ, ಗೊತ್ತಿತ್ತು. ಗೊತ್ತಿಲ್ಲದವನು ಅಷ್ಟು ಚೆಂದವಾಗಿ ಬರೆಯಲಾರ.

ಮೂರು ವರ್ಷ ಅವನೇ ಹೆಚ್ಚು ಗೋಲು ಹೊಡೆದ, ಅವನೇ ಕೊನೆಗೆ ಕುಡಿದ. ಅಲ್ಲಿಗೆ ಎಲ್ಲ ಸರಿಯಾಗಿಯೇ ನಡೆಯಿತು. ನಾಲ್ಕನೆಯ ವರ್ಷ ಕನಕಪುರದವರ ಮೇಲೆ ಫೈನಲ್. ಅವರು ಇವನೊಬ್ಬನಿಗೇ ಮೂವರನ್ನು ಕಾವಲು ಹಾಕಿದ್ದರು. ಇವನು ತಾನು ಹೊಡೆಯದೆ ಎರಡು ಸಲ ಚೆಂಡನ್ನು ಕ್ಯಾಪ್ಟನ್‌ನ ಅಕ್ಕನ ಮಗನ ಕಾಲಿಗೆ ತಂದುಕೊಟ್ಟ. ಕಣ್ಣು ಮುಚ್ಚಿ ಒದ್ದರೂ ಗೋಲಾಗುವಂಥ ಪಾಸು. ಆ ಹುಡುಗ ಎರಡೂ ಹೊಡೆದ, ನಾವು ಗೆದ್ದೆವು, ಕಪ್ಪಿಗೆ ಕಲರ್ ಬಿತ್ತು. ನಿಯಮದಂತೆ ಅಂದು ಕೊನೆಗೆ ಕುಡಿಯಬೇಕಾದವನು ಅಕ್ಕನ ಮಗ. ಅವನು ಮಾವನ ಪಕ್ಕದಲ್ಲೇ ನಿಂತಿದ್ದ, ಎರಡನೆಯವನಾಗಿ ಕುಡಿದು ಬಾಯಿ ಒರೆಸಿಕೊಂಡ. ಫಾರ್ವರ್ಡನ ಕೈಗೆ ಬರುವಷ್ಟರಲ್ಲಿ ಕಪ್ ಮಿಕ್ಕ ಹತ್ತೂ ಬಾಯಿ ಸುತ್ತಿ ಬಂದಿತ್ತು.

ಸ್ಕೋರ್ ಬುಕ್ಕು ನನ್ನ ಕಂಕುಳಲ್ಲಿತ್ತು. ಅವನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ.

‘ಇವತ್ತು ಯಾರು ಜಾಸ್ತಿ ಹೊಡ್ದಿರೋದು ಸಾರ್?’

ನಾನು, ಕುಡಿ ಕುಡಿ, ಹೊತ್ತಾಯ್ತು ಎಂದೆ. ಅವನು ಕಪ್ಪನ್ನು ತುಟಿಗೆ ತರಲಿಲ್ಲ. ಹಾಗೇ ಒಯ್ದು ಸೋಡಾ ಅಣ್ಣನ ಕೈಗೆ ಕೊಟ್ಟು ಬೂಟು ಬಿಚ್ಚಿಕೊಂಡು ಹೊರಟುಹೋದ. ಮುಂದಿನ ಸೀಸನ್ನಿಗೆ ರಾಮನಗರದ ಜರ್ಸಿ ಹಾಕಿಕೊಂಡು ನಮ್ಮ ಮೇಲೇ ಆಡಿದ.

ಆಮೇಲೆ ಸೋಡಾ ಅಣ್ಣನ ಬೆಂಚಿನ ಮೇಲೆ ಶುರುವಾಯಿತು ನೋಡಿ ಚರ್ಚೆ. ಅವನು ಯಾಕೆ ಬಿಟ್ಟ? ರಾಮನಗರದ ರೇಷ್ಮೆ ವ್ಯಾಪಾರಿಗಳು ಗೂಡಿನ ಹಾಗೆ ತೂಗಿ ಕೊಂಡುಕೊಂಡರು ಎಂದ ಒಬ್ಬ. ಅಲ್ಲೊಂದು ಹೆಣ್ಣಿನ ಸಹವಾಸ ಎಂದ ಇನ್ನೊಬ್ಬ. ಸಾರಾಯಿ ಎಂದ ಮತ್ತೊಬ್ಬ, ಅವನು ಬೀಡಿಯನ್ನೂ ಮುಟ್ಟಿದವನಲ್ಲ. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅವನ ತಾಯಿಯ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಅಸಹ್ಯವಾಗುತ್ತದೆ, ಅಂದು ಕೇಳಿಸಿಕೊಳ್ಳುವಾಗ ಆ ಅಸಹ್ಯ ಆಗಿರಲಿಲ್ಲ. ಒಂದು ಬೆಳಿಗ್ಗೆ ನಾಲ್ಕು ಜನ ಹೋಗಿ ಅವರ ಮನೆಯ ಬಾಗಿಲಿಗೆ ಸಗಣಿ ಬಳಿದು ಬಂದರು. ನಾಲ್ಕು ವರ್ಷ ಅವನ ಗೋಲಿಗೆ ಕುಣಿದ ಈ ಗಂಡಸರು ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಈಗಲೂ ನಮ್ಮೂರ ಹುಡುಗರು ಮೊಬೈಲು ಹಿಡಿದು ಯಾವುದೋ ದೇಶದ ಆಟಗಾರ ಯಾಕೆ ತಂಡ ಬಿಟ್ಟನೆಂದು ಗಂಟಲು ಹರಿದುಕೊಳ್ಳುವಾಗ ನಾನು ಎದ್ದು ಹೋಗುತ್ತೇನೆ. ಮುದುಕನಿಗೆ ಆಟ ಗೊತ್ತಿಲ್ಲ ಎಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಬೆಂಗಳೂರಿನ ಒಂದು ಕಾರ್ಖಾನೆಯ ತಂಡದವರು ಅವನ ಆಟ ನೋಡಿ ಹೋಗಿದ್ದಾರೆ, ಕೆಲಸವನ್ನೂ ಕೊಡುತ್ತಾರೆ ಎಂಬ ಸುದ್ದಿ ಬಂತು. ಕ್ಯಾಪ್ಟನ್‌ಗೆ ಉರಿಯಿತು. ದುಡ್ಡಿಗೆ ಮ್ಯಾಚು ಮಾರಿಕೊಂಡವನು, ಇವನನ್ನು ಆಟದಿಂದಲೇ ಹೊರಗಿಡಬೇಕು ಎಂದು ಮೇಲಿನ ಸಂಘಕ್ಕೂ ಕಾರ್ಖಾನೆಗೂ ಒಂದು ದೂರು ಹೋಗಬೇಕು ಎಂದ. ಬರೆದವನು ನಾನು. ಅದೇ ಬೆಂಚಿನ ಮೇಲೆ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದೆ. ‘ಉಂಡ ಮನೆಗೆ ಎರಡು ಬಗೆದ ಈ ಆಟಗಾರನು’ ಎಂದು ಶುರುಮಾಡಿದ್ದೆ. ನೆರೆದವರೆಲ್ಲ ಸಹಿ ಹಾಕಿದರು. ಕೊನೆಗೆ ಕ್ಯಾಪ್ಟನ್ ಕಾಗದವನ್ನು ಸೋಡಾ ಅಣ್ಣನ ಮುಂದೆ ಹಿಡಿದು, ನೀನೂ ಒಂದು ಹೆಬ್ಬೆಟ್ಟು ಒತ್ತಣ್ಣ, ಎಲ್ಲ ನೋಡಿದವನು ನೀನೇ ಎಂದ.

ಸೋಡಾ ಅಣ್ಣ ಕೈಯಲ್ಲಿದ್ದ ಬಾಟಲಿ ಇಟ್ಟು, ಕೈ ಒರೆಸಿಕೊಂಡು, ಓದು ಎಂದರು ನನಗೆ. ಓದಿದೆ. ಮೊದಲ ಸಾಲಿಗೇ ತಡೆದರು.

‘ಯಾರ ಮನೇಲ್ಲಾ ಉಂಡಿದ್ದ ಅವ್ನು? ನಿಮ್ಮನೇಲಿ ಉಂಡಿದ್ನಾ? ಈ ಕ್ಯಾಪ್ಟನ್ ಮನೇಲಿ ಉಂಡಿದ್ನಾ? ಇಲ್ಲಿರೋರಲ್ಲಿ ಒಬ್ಬ ಯೋಳ್ರಲಾ, ಅವ್ನು ಯಾರ ಮನೆ ಒಸ್ಲು ದಾಟಿದ್ದ?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಕ್ಯಾಪ್ಟನ್ ಮಾತ್ರ, ನಾವೇನು ಅವನಿಗೆ ಕಡಿಮೆ ಮಾಡಿದ್ದೆವು ಎಂದು ಗೊಣಗಿದ. ಸೋಡಾ ಅಣ್ಣ ದನಿ ಏರಿಸಲಿಲ್ಲ. ಅವರ ಮುಖದಲ್ಲಿ ಕೋಪವೂ ಇರಲಿಲ್ಲ, ಜಿಡ್ಡಿನ ಬಾಟಲಿ ನೋಡುವಾಗ ಇರುತ್ತಿದ್ದ ಮುಖವೇ ಇತ್ತು.

‘ಕಪ್ಪಿಗೆ ಕಲರ್ ಸುರ್ದೋನು ನಾನು. ಹತ್ತು ಜನ ಎಂಜ್ಲು ಮಾಡಿ ಅವ್ನಿಗೆ ಕೊಡ್ತಿದ್ರಿ. ಅವ್ನು ಕುಡುದ್ಮೇಲೆ ಅದನ್ನ ಒಬ್ಬ ನನ್ಮಗನೂ ಮುಟ್ತಿರ್ಲಿಲ್ಲ, ನಾನೇ ತೊಳ್ದು ಕೊಡ್ತಿದ್ದೆ. ನನ್ ಬಾಟ್ಲಿಗೆ ಇಡೀ ಊರು ಬಾಯಾಕೈತೆ, ಅವ್ನೂ ಹಾಕವ್ನೆ. ಅದ್ರಲ್ಲಿ ಕುಡ್ದು ಯಾರಾದ್ರೂ ಸತ್ತೋಗಿದ್ದೀರೇನ್ಲಾ? ಯಾಕ್ ಬುಟ್ಟ, ಯಾಕ್ ಬುಟ್ಟ ಅಂತ ಆರು ತಿಂಗ್ಳಿಂದ ಕೇಳ್ತಾ ಇದ್ದೀರಿ. ನಿಮ್ಗೆಲ್ಲ ಗೊತ್ತೈತೆ.’

ಆಮೇಲೆ ನನ್ನ ಕಡೆ ತಿರುಗಿ, ‘ನಿನಗಂತೂ ಚೆನ್ನಾಗ್ ಗೊತ್ತೈತೆ’ ಎಂದರು.

ಅಂದಿನಿಂದ ತಂಡದವರು ಅವರ ಅಂಗಡಿ ಬಿಟ್ಟರು. ಅಭಿಮಾನಿಗಳೂ ಬಿಟ್ಟರು. ಮೂರು ತಿಂಗಳು ಬೆಂಚು ಖಾಲಿ ಬಿದ್ದಿತ್ತು. ಅವರು ಅದನ್ನೂ ದಿನಾ ಒರೆಸುತ್ತಿದ್ದರು. ಬೇಸಿಗೆ ಬಂತು, ಬಾಯಾರಿಕೆ ರೋಷವನ್ನು ಗೆದ್ದಿತು, ಒಬ್ಬೊಬ್ಬರೇ ಮುಖ ಬೇರೆ ಕಡೆ ಮಾಡಿಕೊಂಡು ಬಂದು ನಿಂಬೆ ಸೋಡಾ ಕೇಳತೊಡಗಿದರು. ಅವರು ಯಾರಿಗೂ ಇಲ್ಲ ಎನ್ನಲಿಲ್ಲ. ಬೆಂಚಿನ ಮೇಲೆ ಅದೇ ಚರ್ಚೆ ಮತ್ತೆ ಕುದುರಿತು, ದುಡ್ಡು, ಹೆಣ್ಣು, ಸಾರಾಯಿ. ಸೋಡಾ ಅಣ್ಣನ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ, ಅದನ್ನು ಯಾರೂ ಕೇಳಿಯೇ ಇಲ್ಲವೇನೋ ಎಂಬಂತೆ.

ಸಹಿಯಾದ ದಿನವೇ ದೂರನ್ನು ಅಂಚೆಗೆ ಹಾಕುವ ಕೆಲಸ ನನಗೇ ವಹಿಸಿದ್ದರು. ಹಾಕಿದೆನೆಂದು ಎಲ್ಲರಿಗೂ ಹೇಳಿ, ಹರಿದು ಚರಂಡಿಗೆ ಎಸೆದೆ. ಮಾರನೇ ದಿನ, ತಂಡದವರ ಕಣ್ಣು ತಪ್ಪಿಸಿ, ಎದೆ ಉಬ್ಬಿಸಿಕೊಂಡು ಅಂಗಡಿಗೆ ಹೋಗಿ ಸೋಡಾ ಅಣ್ಣನಿಗೆ ಹೇಳಿದೆ. ಅವರು ಬೆನ್ನು ತಟ್ಟಬಹುದು ಎಂದುಕೊಂಡಿದ್ದೆ. ತಟ್ಟಲಿಲ್ಲ. ಆ ಹುಡುಗನ ತಾಯಿ ಮಗನ ಜೊತೆ ಮಾತು ಬಿಟ್ಟಿದ್ದಾಳೆ, ಊರೆಲ್ಲ ಅಂದ ಮೇಲೆ ದುಡ್ಡು ತಿಂದಿರಲೇಬೇಕು ಎಂದು ನಂಬಿಬಿಟ್ಟಿದ್ದಾಳೆ, ತಾನು ಹೋಗಿ ಹೇಳಿದರೂ ‘ನೀವು ಒಳ್ಳೇವ್ರು ಸಾಮಿ, ಹಂಗಂತೀರಿ’ ಎಂದು ಅತ್ತಳು ಎಂದರು. ಹುಡುಗ ಕಪ್ಪಿನ ವಿಷಯ ಅವಳಿಗೆ ಹೇಳಿಲ್ಲ, ಹೇಳಬೇಡಿ ಎಂದು ಇವರ ಬಾಯಿಗೂ ಬೀಗ ಹಾಕಿದ್ದ.

‘ಹರಿದಾಕದು ಏನ್ ದೊಡ್ಡದು, ಮಳೆಗೆ ನೆಂದ್ರೂ ಕಾಗ್ದ ಹರಿತದೆ’ ಎಂದರು. ‘ಬರ್ದೋನು ನೀನು. ಹೋಗಿ ಆಯವ್ವನ ಮುಂದೆ ನಿಂತ್ಕೊಂಡು, ನಿನ್ ಮಗ ದುಡ್ಡು ತಿಂದಿಲ್ಲ, ನಾನು ಸುಳ್ಳು ಬರ್ದೆ ಅಂತ ಒಂದ್ ಮಾತು ಯೋಳ್ಬುಟ್ಟು ಬಾ. ನಿನ್ ಬಾಯಲ್ಲಿ ಬಂದ್ರೆ ನಂಬ್ತಾಳೆ.’

ಆಗಲಿ ಅಣ್ಣ, ನಾಳೆ ಹೋಗ್ತೀನಿ ಎಂದೆ. ಮಾರನೇ ದಿನ ಕ್ಯಾಪ್ಟನ್ ಕಂಡಾನೆಂದು ಹೋಗಲಿಲ್ಲ. ಆಮೇಲೆ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು, ದೊಡ್ಡಆಲಹಳ್ಳಿಗೆ ಹೋದೆ. ರಜೆಗೆ ಬಂದಾಗಲೆಲ್ಲ ಸೋಡಾ ಅಣ್ಣ ಒಂದೇ ಪ್ರಶ್ನೆ ಕೇಳುತ್ತಿದ್ದರು, ಹೋದ್ಯಾ? ಇಲ್ಲ ಎಂದರೆ ಬೈಯದೆ ಸೋಡಾ ಒಡೆದು ಕೈಗೆ ಕೊಡುತ್ತಿದ್ದರು. ಬೈದಿದ್ದರೆ ಹೋಗುತ್ತಿದ್ದೆನೇನೋ. ಎರಡು ಮೂರು ವರ್ಷದ ಮೇಲೆ ಕೇಳುವುದನ್ನೂ ಬಿಟ್ಟರು. ನನಗೆ ಆಗ ಹಾಯೆನಿಸಿತ್ತು, ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ತಲೆಯೂ ನರೆತಿತ್ತು. ಅಂಗಡಿಯ ಮುಂದೆಯೇ ಮಲಗಿಸಿದ್ದರು. ಕೆನ್ನೆಯ ಗುರುತು ಹಾಗೇ ಇತ್ತು. ಕ್ಯಾಪ್ಟನ್ ಹಾರ ತಂದಿದ್ದ. ಬೆಂಗಳೂರಿನ ಬಸ್ಸಿಳಿದು ಬಂದವನೊಬ್ಬ ನೇರ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ. ನಡಿಗೆಯಿಂದಲೇ ಗುರುತು ಸಿಕ್ಕಿತು, ನಮ್ಮ ಫಾರ್ವರ್ಡ್. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದ ಮೇಲೆ ದುಡಿದಿದ್ದನಂತೆ. ಅವನು ಆಡಿದ ಮ್ಯಾಚುಗಳಿಗೆ ಸೋಡಾ ಅಣ್ಣ ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗಿ ಕೂರುತ್ತಿದ್ದರೆಂದು ನನಗೆ ತಿಳಿದದ್ದು ಅಂದೇ.

ಮಣ್ಣು ಮುಗಿಸಿ ಕೈಕಾಲು ತೊಳೆಯುವಾಗ ಅವನು ನನ್ನ ಪಕ್ಕ ಬಂದು ನಿಂತ. ನಾನು, ಹೇಗಿದ್ದೀಯಪ್ಪ ಎಂದೆ. ಅವನು ಚೆನ್ನಾಗಿದ್ದೀನಿ ಸಾರ್ ಎಂದು ಕೈ ಒರೆಸಿಕೊಂಡ.

‘ಆ ಕಾಗದ ನೀವು ಕಳಿಸಲಿಲ್ಲವಂತೆ. ಸೋಡಾ ಅಣ್ಣ ಯೋಳಿದ್ರು. ಅದ್ರಿಂದ ನನ್ ಕೆಲ್ಸ ಉಳೀತು.’

ನನಗೆ ಏನೋ ಇಳಿದ ಹಾಗಾಯಿತು. ಹೋಗಲಿ ಬಿಡು, ಅದೇನು ಮಹಾ ಎನ್ನುವ ಹಾಗೆ ತಲೆಯಾಡಿಸಿದೆ.

‘ನಮ್ಮವ್ವ ಹೋಗಿ ಎಂಟೊರ್ಸ ಆಯ್ತು ಸಾರ್’ ಎಂದ ಅವನು, ದನಿಯಲ್ಲಿ ಸಿಟ್ಟಿರಲಿಲ್ಲ. ‘ಸಾಯೋ ಗಂಟ ನಾನು ತಂದ ಅಕ್ಕಿ ಮುಟ್ಲಿಲ್ಲ. ಮಾರ್ಕೊಂಡ ದುಡ್ಡು ಅಂದ್ಕೊಂಡಿದ್ಲು. ಕಪ್ಪಿಂದು ಯೋಳಿದ್ರೆ ಅದಕ್ಕಿಂತ ಜಾಸ್ತಿ ನೊಂದ್ಕೊತಾಳೆ ಅಂತ ನಾನೂ ಬಾಯ್ಬುಡ್ಲಿಲ್ಲ. ನೀವು ಬತ್ತೀರಿ ಅಂತ ಸೋಡಾ ಅಣ್ಣ ಯೋಳ್ತಾನೇ ಇದ್ರು.’

ಸೋಡಾ ಅಣ್ಣ ತಮ್ಮ ಇಡೀ ಬದುಕಿನಲ್ಲಿ ನನ್ನಿಂದ ಕೇಳಿದ ಕೆಲಸ ಅದೊಂದೇ. ಅಂಗಡಿಯಿಂದ ಆ ಮನೆಗೆ ಐದು ನಿಮಿಷದ ದಾರಿ.