ಕರೆಂಟ್ ಹೋದಾಗ ಕೇಳಿಸಿದ ಪ್ರಾರ್ಥನೆ

ಥಟ್ಟನೆ ಕರೆಂಟ್ ಹೋಯಿತು. ಬನಹಟ್ಟಿಯ ನಮ್ಮ ಪುಟ್ಟ ಚರ್ಚಿನ ಗೋಡೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ ಇದೆ. ಮಗ್ಗಗಳ ಖಟಪಟದಲ್ಲಿ ಪಕ್ಕದವರ ಮಾತೂ ಕೇಳಿಸದು, ಆದ್ದರಿಂದ ಅಲ್ಲಿ ಎಲ್ಲರೂ ಪ್ರಾರ್ಥಿಸುವುದು ಗಂಟಲು ಹರಿಯುವಂತೆಯೇ. ಮಗ್ಗ ನಿಂತೊಡನೆ ಉಳಿದವರು ದನಿ ತಗ್ಗಿಸಿದರು. ಕಣ್ಣು ಮುಚ್ಚಿದ್ದ ನನಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ.

“ಯೇಸಪ್ಪಾ, ನನಗ ಸ್ಕೂಟರ್ ಹೊಡಿಯಾಕ ಕಲೀಬೇಕಾಗೈತಿ. ನಮ್ಮ ಅತ್ತಿಯವರ ಮುಂದ ಬಾಯಿ ಬಿಡಾಕ ಧೈರ್ಯ ಕೊಡು. ಇಲ್ಲಂದ್ರ ನೀನ ಅವರಿಗೆ ಹೇಳಿಬಿಡು!”

ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿ ಕಣ್ಣು ಬಿಟ್ಟೆ. ಇಡೀ ಸಭೆ ನನ್ನತ್ತಲೇ ತಿರುಗಿತ್ತು. ಪಾಸ್ಟರ್ ನಗು ತಡೆಯಲಾರದೆ ಬೈಬಲ್ ಅಡ್ಡ ಹಿಡಿದಿದ್ದರು. ಮದುವೆಯಾಗಿ ಬಂದಾಗಿನಿಂದ ನಾನು ಯಾರೆದುರು ತಲೆ ಎತ್ತಿ ಮಾತಾಡಿರಲಿಲ್ಲವೋ ಆ ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಈ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು.

ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದರು: “ದೇವ್ರಿಗೆ ಯಾಕ ತ್ರಾಸ ಕೊಡ್ತಿ? ಅಷ್ಟ ದೊಡ್ಡಾಂವನ ಮುಂದ ಹಿಂಗ ಒದರಾಕಿ, ನನ್ನ ಮುಂದ ಮಾತಾಡಾಕ ಏನ ಧಾಡಿ ನಿನಗ?”

ಹಿಂದಿನ ಸಾಲಿನಿಂದ ಯಾರೋ “ಆಮೆನ್” ಅಂದರು, ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಆ ನಗೆಯ ನಡುವೆಯೇ ನಾನು ಮೊದಲ ಸಲ ಅತ್ತೆಯ ಮುಖ ನೋಡಿ ಕೇಳಿದೆ: “ಹಂಗಾರ ಕಲೀಲೇನ್ರಿ?”

ಅಂದು ತೆರೆದ ಬಾಯಿಯನ್ನು ನಾನು ಮತ್ತೆ ಮುಚ್ಚಿಲ್ಲ. ಈಗ ಅತ್ತೆಯನ್ನು ಚರ್ಚಿಗೆ ಕರೆದೊಯ್ಯುವುದು ನನ್ನ ಸ್ಕೂಟರ್. ಅವರ ಪ್ರಾರ್ಥನೆ ಮಾತ್ರ ಮನೆಯ ಬಾಗಿಲಲ್ಲೇ ಶುರುವಾಗುತ್ತದೆ, ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡು, ಓಣಿಯ ಮಗ್ಗಗಳ ಸದ್ದನ್ನೂ ಮೀರಿಸಿ.